ಧೂಪದ ಬಟ್ಟಲು ಇದ್ದ ಕಡೆ

ಡಾಕ್ಟರ್ ಲ್ಯೂ ಅವರ ವಾರ್ಡಿನಲ್ಲಿ ಸಾವಿಗಿಂತ ಮುಂಚೆ ಒಂದು ಕಾಗದ ಬರುತ್ತಿತ್ತು. ಅರ್ಧ ಹಾಳೆ. 'ನಮ್ಮ ತಂದೆಯನ್ನು ಮನೆಗೆ ಕರೆದುಕೊಂಡು ಹೋಗಲು ಅಪ್ಪಣೆ ಬೇಡುತ್ತೇವೆ' ಎಂದು ಮಗನೋ ಮಗಳೋ ಬರೆದು ಸಹಿ ಹಾಕಿದ್ದು.

ಆ ಕಾಲುವೆಗಳ ನಾಡಿನಲ್ಲಿ ಯಾರಿಗೂ ಆಸ್ಪತ್ರೆಯಲ್ಲಿ ಸಾಯುವುದು ಬೇಡ. ಹೊರಗೆ ಸತ್ತವನ ಹೆಣ ಮನೆಯ ಹೊಸಿಲು ದಾಟುವಂತಿಲ್ಲ. ಅಂಗಳದ ಚಪ್ಪರದಲ್ಲೇ ಮಲಗಿಸಬೇಕು. ಒಳಗೆ ತೀರಿಹೋದ ಹಿರಿಯರ ಪೂಜೆಯ ಪೀಠದ ಮುಂದೆ ಅವನಿಗೆ ಜಾಗವಿಲ್ಲ, ಅವನ ಜೀವ ದಾರಿಯಲ್ಲೇ ಅಲೆಯುತ್ತದೆ ಎನ್ನುತ್ತಾರೆ. ಅದಕ್ಕೇ ಇನ್ನು ಉಳಿಯುವುದಿಲ್ಲ ಎಂದು ಖಾತ್ರಿಯಾದವರನ್ನು ಬಾಯಲ್ಲಿ ಉಸಿರಿನ ಕೊಳವೆ ಇರುವಾಗಲೇ ಮನೆಗೆ ಒಯ್ಯುತ್ತಾರೆ. ದಾರಿಯುದ್ದಕ್ಕೂ ನರ್ಸ್ ಒಬ್ಬಳು ಪಕ್ಕದಲ್ಲಿ ಕೂತು ರಬ್ಬರಿನ ಗಾಳಿಚೀಲ ಹಿಂಡುತ್ತಾ ಹೋಗುತ್ತಾಳೆ. ಮನೆಯವರೆಲ್ಲ ಸುತ್ತ ಸೇರಿದ ಮೇಲೆ ಕೊಳವೆ ತೆಗೆಯುವುದು.

ಇದರಲ್ಲಿ ಡಾಕ್ಟರರ ಕಸುಬು ಎಂದರೆ ಹೊತ್ತು ಗುರುತಿಸುವುದು. ಬೇಗ ಹೇಳಿದರೆ ಉಳಿಯುವವನನ್ನು ಕಳಿಸಿದ ಪಾಪ, ತಡವಾಗಿ ಹೇಳಿದರೆ ಹೆಣವನ್ನು ಅಂಗಳದಲ್ಲಿ ಮಲಗಿಸಿದ ಪಾಪ. ಮೂವತ್ತೊಂದು ವರ್ಷದ ಅನುಭವದಲ್ಲಿ ಲ್ಯೂ ಅವರ ಲೆಕ್ಕ ತಪ್ಪಿದ್ದಿಲ್ಲ ಎಂದು ಆ ವೈದ್ಯ ಕಾಲೇಜಿನ ಆಸ್ಪತ್ರೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಅವರಿಗೂ ಅದರ ಬಗ್ಗೆ ಒಳಗೊಳಗೇ ಸ್ವಲ್ಪ ಹೆಮ್ಮೆ ಇತ್ತು.

ಅವರ ನಾಲಿಗೆಯೂ ಅಷ್ಟೇ ಹೆಸರಾಗಿತ್ತು. ಆ ಸೋಮವಾರ ಬೆಳಿಗ್ಗೆ ಹಾವು ಕಚ್ಚಿದ ಹುಡುಗಿಯೊಬ್ಬಳನ್ನು ಕಾಲಿಗೆ ಸೊಪ್ಪು ಮೆತ್ತಿ ಹೊತ್ತು ತಂದಿದ್ದರು. ಲ್ಯೂ ಮೊಗಸಾಲೆಯಲ್ಲೇ ಆ ತಾಯ್ತಂದೆಯರ ಮೇಲೆ ಹರಿಹಾಯ್ದರು. "ಪಂಡಿತನ ಹತ್ರ ಎರಡು ಗಂಟೆ ಕಳೆದು ಬಂದಿದ್ದೀರಲ್ಲ! ಮಗೂನ ಕೊಲ್ಲೋಕೆ ನೀವೇ ಸಾಕು, ಹಾವು ಬೇರೆ ಯಾಕೆ ಬೇಕಿತ್ತು?"

ಹುಡುಗಿ ಬದುಕಿತು. ಆದರೆ ಆ ಮಾತು ಮೊಗಸಾಲೆಯ ಬೆಂಚಿನ ಮೇಲೆ ಕೂತಿದ್ದವರೆಲ್ಲರ ಕಿವಿಗೂ ಬಿತ್ತು. ಅವರಲ್ಲಿ ಹುವೆ ಎಂಬ ಹೆಂಗಸೂ ಒಬ್ಬಳು. ಅವಳ ಮಾವನನ್ನು ಅದೇ ತಾನೇ ಒಳಗೆ ಒಯ್ದಿದ್ದರು.

ಮಾವನಿಗೆ ಎಪ್ಪತ್ತೊಂದು ವರ್ಷ. ಅಪ್ಪ ಅಮ್ಮ ಇಟ್ಟ ಹೆಸರು ಏನೇ ಇರಲಿ, ಊರಿಗೆಲ್ಲ ಅವನು ತಾಮ್, ಅಂದರೆ ಎಂಟು. ಅಲ್ಲಿ ಮಕ್ಕಳನ್ನು ಹುಟ್ಟಿದ ಸಾಲಿನ ಸಂಖ್ಯೆಯಿಂದಲೇ ಕರೆಯುತ್ತಾರೆ. ತಾಮ್ ಅಜ್ಜ ಬಾತುಕೋಳಿ ಮೇಯಿಸುವವನು. ಭತ್ತದ ಕೊಯ್ಲಾದ ಗದ್ದೆಗಳಲ್ಲಿ ಸಾವಿರ ಬಾತುಗಳನ್ನು ಬಿಟ್ಟು, ಬದುವಿನ ಮೇಲೆ ತಾಡಪಾಲು ಕಟ್ಟಿಕೊಂಡು ಮಲಗುವ ಜಾತಿ. ಆ ಬೆಳಿಗ್ಗೆ ರೆಪ್ಪೆ ಎತ್ತಲಾರದೆ ಬಿದ್ದಿದ್ದ, ಮೂರು ಗಂಟೆಯೊಳಗೆ ಉಸಿರು ನಿಂತಿತು. ತಾಲ್ಲೂಕು ಆಸ್ಪತ್ರೆಯವರು ಕೊಳವೆ ಹಾಕಿ, ಚೀಟಿಯಲ್ಲಿ 'ಮೆದುಳಿನ ಆಘಾತ' ಎಂದು ಬರೆದು ಕಳಿಸಿದ್ದರು. ನಾಲ್ಕು ವರ್ಷದ ಹಿಂದೆ ಒಮ್ಮೆ ಆಗಿ ಎಡಗೈ ಸೋತಿದ್ದರಿಂದ ಅವರಿಗೆ ಬೇರೇನೂ ಹೊಳೆಯಲಿಲ್ಲ.

ಲ್ಯೂ ಅವರ ಕಿರಿಯ ಡಾಕ್ಟರ್ ಖಾಂಗ್ ಮಾತ್ರ ಕೇಳಿದ್ದ. "ಅಕ್ಕ, ಗದ್ದೇಲಿ ಮಲಗಿದ್ರಲ್ಲ, ಹಾವು ಗೀವು ಏನಾದ್ರೂ?"

ಹುವೆ ತಲೆ ತಗ್ಗಿಸಿ, "ಇಲ್ಲಪ್ಪ, ಏನಿಲ್ಲ" ಎಂದಿದ್ದಳು.

ಆರು ದಿನ ಕಳೆಯಿತು. ಅಜ್ಜನ ಒಂದು ಬೆರಳೂ ಅಲುಗಲಿಲ್ಲ. ಕಣ್ಣಿಗೆ ದೀಪ ಬಿಟ್ಟರೆ ಪಾಪೆ ಕದಲುತ್ತಿರಲಿಲ್ಲ. ಗಂಟಲಲ್ಲಿ ನಳಿಗೆ ಆಡಿಸಿದರೂ ಕೆಮ್ಮಿಲ್ಲ. ಸ್ಕ್ಯಾನ್‌ನಲ್ಲಿ ಹಳೆಯ ಗಾಯ ಮಾತ್ರ ಕಂಡಿತು. ಇದು ಸ್ಕ್ಯಾನಿಗೆ ಕಾಣದ ಮೆದುಳಿನ ಬುಡದ ಪೆಟ್ಟು ಎಂದು ಲ್ಯೂ ತೀರ್ಮಾನಿಸಿದರು.

ಎರಡನೆಯ ದಿನ ರೌಂಡ್ಸಿನಲ್ಲಿ ಖಾಂಗ್ ಒಂದು ಮಾತು ಎತ್ತಿದ. "ಮೇಡಂ, ಇವರ ರಕ್ತದಲ್ಲಿ ಉಪ್ಪಿನಂಶ ತುಂಬಾ ಇಳಿದಿದೆ. ಇದು ಕಟ್ಟುಹಾವಿನ..."

"ಮೆದುಳಿಗೆ ಪೆಟ್ಟಾದ್ರೂ ಉಪ್ಪು ಇಳಿಯುತ್ತೆ. ಹಾವಿನ ವಿಷಯ ನೀನೇ ಕೇಳಿದ್ದೀಯಲ್ಲ?"

"ಕೇಳಿದೆ. ಇಲ್ಲ ಅಂದ್ರು."

"ಮತ್ತೆ? ಹಸು ಕಾಣ್ತಿರುವಾಗ ಜಿಂಕೆ ಹುಡುಕಬೇಡ."

ಜೊತೆಗಿದ್ದ ಕಿರಿಯ ಡಾಕ್ಟರುಗಳೆಲ್ಲ ನಕ್ಕರು. ಖಾಂಗ್ ಕಿವಿ ಕೆಂಪು ಮಾಡಿಕೊಂಡು ಸುಮ್ಮನಾದ.

ನಾಲ್ಕನೆಯ ದಿನ ಅದೇ ಹಾಸಿಗೆಯ ಪಕ್ಕ ನಿಂತು ಲ್ಯೂ ಪಾಠ ಮಾಡಿದರು. "ನೋಡಿ, ಎದೆ ಏರಿ ಇಳೀತಿದೆ, ಮೈ ಬೆಚ್ಚಗಿದೆ. ಮನೆಯವರು ಇದನ್ನ ಜೀವ ಅಂದ್ಕೋತಾರೆ. ಆದ್ರೆ ಇದು ಯಜಮಾನ ಖಾಲಿ ಮಾಡಿ ಹೋದ ಮನೆ, ಫ್ಯಾನ್ ಮಾತ್ರ ತಿರುಗ್ತಿದೆ. ಅವರಿಗೆ ಇದನ್ನ ಮೆಲ್ಲಗೆ ಹೇಳೋದು ಕಲೀಬೇಕು ನೀವು." ಹೇಳುತ್ತಾ ಹೇಳುತ್ತಾ ಮುಂದಿನ ಹಾಸಿಗೆಯ ಕಡೆ ನಡೆದರು.

ಐದನೆಯ ದಿನ ಅಜ್ಜನ ಬೆರಳಿಗೆ ಸಿಕ್ಕಿಸಿದ್ದ, ನಾಡಿಬಡಿತ ಎಣಿಸುವ ಯಂತ್ರ ತೋರಿಸಿ ಹುವೆ ಕೇಳಿದಳು. "ಡಾಕ್ಟ್ರಮ್ಮ, ಮೊಮ್ಮಗಳು ಬಂದು ಮಾತಾಡಿದ್ರೆ ಈ ನಂಬರ್ ಏರುತ್ತಲ್ಲ?"

"ಅದು ಏನಿಲ್ಲಮ್ಮ, ಹಾಗೆ ಏರೋದು ಇಳಿಯೋದು ಇದ್ದದ್ದೇ" ಎಂದರು ಲ್ಯೂ. ಆಮೇಲೆ ಅವಳನ್ನೂ ಅವಳ ಗಂಡ ಲುವಾನ್‌ನನ್ನೂ ಕೋಣೆಗೆ ಕರೆದು ಕೂರಿಸಿ, ನೀರು ಕೊಟ್ಟು, ಹೇಳಬೇಕಾದ್ದನ್ನು ಮೆಲ್ಲಗೆ ಹೇಳಿದರು. ಮರುದಿನ ಬೆಳಿಗ್ಗೆ ಅರ್ಧ ಹಾಳೆಯ ಕಾಗದ ಬಂತು.

ಪ್ರತಿ ವರ್ಷ ಹೊಸ ತಂಡದ ಒಬ್ಬ ಕಿರಿಯ ಡಾಕ್ಟರನ್ನು ಕರೆದುಕೊಂಡು ಲ್ಯೂ ಒಂದು ಸಲ ತಾವೇ ರೋಗಿಯ ಮನೆಗೆ ಹೋಗುತ್ತಿದ್ದರು. ಕೊಳವೆ ತೆಗೆಯುವುದನ್ನು ಪುಸ್ತಕದಲ್ಲಿ ಓದಬಹುದು, ಜನರ ನಡುವೆ ತೆಗೆಯುವುದನ್ನು ನೋಡಿಯೇ ಕಲಿಯಬೇಕು ಎನ್ನುವುದು ಅವರ ಮಾತು. ಈ ಸಲ ಖಾಂಗ್‌ನ ಸರದಿ. ಗಾಳಿಚೀಲ ಹಿಂಡಲು ಹಳೇ ನರ್ಸ್ ಸೆನ್ ಬಂದಳು. ಅವಳು ಹಾಗೆ ಮನೆ ಮುಟ್ಟಿಸಿದವರ ಸಂಖ್ಯೆ ಅವಳಿಗೇ ಮರೆತುಹೋಗಿತ್ತು.

ವ್ಯಾನಿನಲ್ಲಿ ಲ್ಯೂ ಹೇಳಿಕೊಟ್ಟರು. "ಚಪ್ಪಲಿ ಹೊರಗೆ ಬಿಡು. ಮನೆಯ ಹಿರಿಯರು ಕೂತಿರೋದಕ್ಕಿಂತ ತಗ್ಗಲ್ಲಿ ಕೂರು. ಗಡಿಯಾರ ನೋಡಬೇಡ."

"ಊಟ ಕೊಟ್ರೆ ತಿನ್ನು" ಎಂದಳು ಸೆನ್ ಚೀಲ ಹಿಂಡುತ್ತಲೇ. "ಬೇಡ ಅಂದ್ರೆ ಸತ್ತೋರಿಗೆ ಬೇಜಾರಾಗುತ್ತೆ. ಹೋದ ವರ್ಷದ ಹುಡುಗ ಡಯಟ್ ಅಂದ. ಇಡೀ ಊರು ಮುಖ ತಿರುಗಿಸ್ತು."

ಒಂದೊಂದು ಸೇತುವೆ ಬಂದಾಗಲೂ ಮುಂದೆ ಕೂತಿದ್ದ ಲುವಾನ್ ಹಿಂದೆ ತಿರುಗಿ, "ಅಪ್ಪಾ, ಸೇತುವೆ ದಾಟ್ತಿದ್ದೀವಿ, ಜೊತೆಗೆ ಬಾ" ಎನ್ನುತ್ತಿದ್ದ. ಒಂಬತ್ತು ಸೇತುವೆಗೂ ಒಂಬತ್ತು ಸಲ ಹೇಳಿದ.

ಮನೆ ಕಾಲುವೆಯ ದಂಡೆಯ ಮೇಲಿತ್ತು, ಕೆಳಗೆ ನೀರಿನಲ್ಲಿ ಒಂದು ದೋಣಿ ಕಟ್ಟಿತ್ತು. ಅಂಗಳದಲ್ಲಿ ಚಪ್ಪರದ ಬಿದಿರು ಅರ್ಧ ನಿಂತಿತ್ತು. ಹೆಂಗಸರು ಸಾಲಾಗಿ ಕೂತು ಮೂಲಂಗಿ ಹೆಚ್ಚುತ್ತಿದ್ದರು. ಶವಪೆಟ್ಟಿಗೆ ಬಂದು, ಮೇಲೆ ಬಟ್ಟೆ ಹೊದ್ದು, ಗೋಡೆಗೆ ಒರಗಿತ್ತು. ಒಳಗೆ ಧೂಪದ ಬಟ್ಟಲಿಟ್ಟ ಹಿರಿಯರ ಪೀಠದ ಮುಂದಿನ ಮಂಚದ ಮೇಲೆ ಅಜ್ಜನನ್ನು ಮಲಗಿಸಿದರು. ತಲೆಯ ಬದಿಗೆ ಅವನ ಅಕ್ಕ, ಎಂಬತ್ತೆಂಟು ವರ್ಷದ ತೂ ಅಜ್ಜಿ, ಎಲೆ ಅಡಿಕೆ ಅಗಿಯುತ್ತಾ ಕೂತಿದ್ದಳು. ಒಡಹುಟ್ಟಿದವರಲ್ಲಿ ಉಳಿದದ್ದು ಅವಳೊಬ್ಬಳೇ.

ಒಬ್ಬೊಬ್ಬರೇ ಬಂದು ಅಜ್ಜನ ಪಾದ ಮುಟ್ಟಿ, ಕಿವಿಯಲ್ಲಿ ಹೇಳುವುದನ್ನು ಹೇಳಿದರು. ಮೊಮ್ಮಗಳು ಬಾತುಗಳೆಲ್ಲ ಸೌಖ್ಯವಾಗಿವೆ ಎಂದಳು. ಲ್ಯೂ ಖಾಂಗ್‌ಗೆ ಕಣ್ಸನ್ನೆ ಮಾಡಿ ಮಂಡಿಯೂರಿದರು. ಕೊಳವೆಯನ್ನು ತುಟಿಗೆ ಅಂಟಿಸಿದ್ದ ಪಟ್ಟಿಯ ಒಂದು ಬದಿಯನ್ನು ಕತ್ತರಿಸಿದರು.

ಆಗಲೇ ಬಾಗಿಲಲ್ಲಿ ಗದ್ದಲವಾಯಿತು.

"ತಡೀರಿ, ತಡೀರಿ! ಸಾಯೋಕೆ ಮುಂಚೆ ಒಂದು ಮಾತು ಸಾಕ್ಷಿ ಸಮೇತ ಆಗ್ಲಿ!" ಒಣಕಲು ಮೈಯ ಮುದುಕನೊಬ್ಬ ಗಾಜಿನ ಭರಣಿ ಎದೆಗವಚಿಕೊಂಡು ಒಳಗೆ ಬಂದ. ಊರಿನ ಹಾವಿನ ಪಂಡಿತ ಕಿಯೆಮ್. "ಅಂಗಳದಲ್ಲಿ ಜನ ಏನು ಆಡ್ಕೋತಿದ್ದಾರೆ ಗೊತ್ತಾ? ಕಿಯೆಮ್‌ನ ಔಷಧಿ ಹತ್ತಲಿಲ್ಲ, ಅದಕ್ಕೇ ಎಂಟಣ್ಣ ಹೋದ ಅಂತ! ದೊಡ್ಡಾಸ್ಪತ್ರೆ ಡಾಕ್ಟ್ರು ಇಲ್ಲೇ ಇದ್ದಾರಲ್ಲ, ಅವರೇ ಹೇಳ್ಲಿ. ಇವನು ಹೋಗ್ತಿರೋದು ಮೆದುಳಿನ ನರ ಒಡೆದು. ನಾನು ವಿಷ ಪೂರಾ ತೆಗೆದಿದ್ದೆ. ಇಗೋ ನೋಡಿ, ಕಚ್ಚಿದ್ದು ಇದೇ!"

ಭರಣಿಯನ್ನು ಮಂಚದ ಪಕ್ಕ ಕುಕ್ಕಿದ. ಅಕ್ಕಿ ಸಾರಾಯಿಯಲ್ಲಿ ಸುರುಳಿ ಸುತ್ತಿಕೊಂಡು ಹಾವೊಂದು ಮುಳುಗಿತ್ತು. ಕಪ್ಪು, ಬಿಳಿ, ಕಪ್ಪು, ಬಿಳಿ, ಅಚ್ಚುಕಟ್ಟಾದ ಪಟ್ಟೆಗಳು. ತಲೆ ಮಾತ್ರ ಜಜ್ಜಿಹೋಗಿತ್ತು.

ಲ್ಯೂ ಅವರ ಕೈಯಲ್ಲಿ ಕತ್ತರಿ ಹಾಗೇ ನಿಂತಿತು.

"ಇದು ಎಲ್ಲಿ ಸಿಕ್ತು?"

"ಇವನ ಚಾಪೆಯೊಳಗೆ! ಮಗನೇ ಹೊಡೆದು ನನ್ನ ಹತ್ರ ತಂದ. ಸೋಮವಾರ ಕತ್ತಲಿರುವಾಗ್ಲೇ. ಕೇಳಿ ಬೇಕಾದ್ರೆ."

ಖಾಂಗ್ ಭರಣಿಯನ್ನೂ ಲ್ಯೂ ಅವರನ್ನೂ ನೋಡಿದ. ಉಪ್ಪಿನ ಮಾತು ಅವನ ನಾಲಿಗೆಯ ತುದಿಯಲ್ಲೇ ಇತ್ತು. ಒಳ್ಳೆಯ ಹುಡುಗ, ಆಡಲಿಲ್ಲ.

ಕಟ್ಟುಹಾವಿನ ಪಾಠವನ್ನು ಲ್ಯೂ ಪ್ರತಿ ವರ್ಷ ತಾವೇ ಮಾಡುತ್ತಿದ್ದರು. ಕಚ್ಚಿದ್ದು ನೋಯುವುದಿಲ್ಲ, ಗುರುತು ಉಳಿಯುವುದಿಲ್ಲ. ಮೈಯ ಒಂದೊಂದೇ ಸ್ನಾಯು ಸೋತು ಕೊನೆಗೆ ಪಾಪೆಯೂ ನಿಲ್ಲುತ್ತದೆ. ನೋಡಿದವರು ಮೆದುಳು ಸತ್ತಿದೆ ಎನ್ನಬೇಕು, ಹಾಗಿರುತ್ತದೆ. ಆದರೆ ಮೆದುಳಿಗೆ ಏನೂ ಆಗಿರುವುದಿಲ್ಲ. ಒಳಗಿನ ಮನುಷ್ಯ ಎಚ್ಚರವಾಗಿರುತ್ತಾನೆ, ಎಲ್ಲವನ್ನೂ ಕೇಳಿಸಿಕೊಳ್ಳುತ್ತಾನೆ. ಅವನಿಗೆ ಉಸಿರು ಕೊಡುತ್ತಾ ಕಾದರೆ ಸಾಕು, ವಾರವೋ ಎರಡು ವಾರವೋ, ವಿಷ ಇಳಿದು ಎದ್ದು ಕೂರುತ್ತಾನೆ. 'ಇಂಥವರನ್ನು ಕೊಲ್ಲೋದು ಹಾವಲ್ಲ, ಅವಸರ' ಎನ್ನುವುದು ಆ ಪಾಠದ ಕೊನೆಯ ಸಾಲು. ಹುಡುಗರು ಅದನ್ನು ಬರೆದುಕೊಳ್ಳುತ್ತಿದ್ದರು.

"ಹುವೆ" ಎಂದರು. "ಖಾಂಗ್ ಕೇಳಿದಾಗ ಯಾಕಮ್ಮ ಇಲ್ಲ ಅಂದೆ?"

ಹುವೆ ಗೋಡೆಗೆ ಅಂಟಿ ನಿಂತಿದ್ದಳು. "ನೀವು ಆ ಹುಡುಗಿ ಅಪ್ಪ ಅಮ್ಮಂಗೆ ಹೇಳಿದ್ದು ಕೇಳಿಸ್ತು. ಕೊಲ್ಲೋಕೆ ನೀವೇ ಸಾಕು ಅಂದ್ರಲ್ಲ. ನಾವೂ ಪಂಡಿತರ ಹತ್ರ ಹೋಗಿ ಬಂದೋರು. ಹೇಳಿದ್ರೆ ಮಾವನ್ನ ಹೊರಗೆ ಹಾಕ್ತೀರೇನೋ ಅಂತ ಹೆದರಿದೆ. ವಿಷ ತೆಗೆದಾಗಿದೆ ಅಂತ ಇವರು ಹೇಳಿದ್ರು, ಮೆದುಳು ಅಂತ ನೀವು ಹೇಳಿದ್ರಿ. ಎರಡೂ ನಿಜ ಅಂದ್ಕೊಂಡೆ."

ಸೆನ್‌ಳ ಕೈಯಲ್ಲಿ ಚೀಲ ಉಸ್ ಎನ್ನುತ್ತಿತ್ತು, ಬಿಡುತ್ತಿತ್ತು.

ಲ್ಯೂ ಬಿಡಿಸಿದ್ದ ಪಟ್ಟಿಯನ್ನು ಮತ್ತೆ ಒತ್ತಿ ಅಂಟಿಸಿದರು. ಬಗ್ಗಿ ಅಜ್ಜನ ಕಿವಿಗೆ ಬಾಯಿಟ್ಟು, ಎಲ್ಲರಿಗೂ ಕೇಳುವಂತೆ ಹೇಳಿದರು. "ತಾಮಣ್ಣ, ನಾನು ಆಸ್ಪತ್ರೆಯ ಲ್ಯೂ. ನಿಮ್ಮನ್ನ ಕಟ್ಟುಹಾವು ಕಚ್ಚಿದೆ. ನೀವು ಸತ್ತಿಲ್ಲ. ಆರು ದಿನದಿಂದ ನಿಮಗೆ ಎಲ್ಲ ಕೇಳಿಸ್ತಿತ್ತು ಅಂತ ನನಗೆ ಈಗ ಗೊತ್ತಾಯ್ತು. ಕೊಳವೆ ತೆಗೆಯಲ್ಲ. ಹೆದರಬೇಡಿ."

ಬೆರಳಿನ ಯಂತ್ರದಲ್ಲಿ ಎಪ್ಪತ್ತಾರು ಇತ್ತು. ತೊಂಬತ್ತಾಯಿತು. ನೂರಾಯಿತು. ನೂರ ಹದಿನೆಂಟಕ್ಕೆ ನಿಂತಿತು.

"ಲುವಾನ್, ವ್ಯಾನ್ ತಿರುಗಿಸ್ಬೇಕು. ಇವರನ್ನ ವಾಪಸ್ ಕರ್ಕೊಂಡು ಹೋಗ್ಬೇಕು. ಈಗ್ಲೇ."

ಲುವಾನ್ ಅಲ್ಲಾಡಲಿಲ್ಲ. ದಪ್ಪ ಕೈಗಳ, ಕಡಿಮೆ ಮಾತಿನ ಮನುಷ್ಯ. "ನಿನ್ನೆ ನನ್ನ ಹೆಂಡ್ತಿ ಇದೇ ನಂಬರ್ ತೋರ್ಸಿದ್ಲು. ಏನಿಲ್ಲ ಅಂದ್ರಿ. ಆಮೇಲೆ ಕೋಣೇಲಿ ಕೂರಿಸಿ ಅಪ್ಪ ಹೋಗಿಬಿಟ್ಟಿದ್ದಾನೆ ಅಂದ್ರಿ. ಪೆಟ್ಟಿಗೆ ತರಿಸ್ದೆ, ತಂಗಿಯರನ್ನ ಕರೆಸ್ದೆ. ಈಗ ಬದುಕಿದ್ದಾನೆ ಅಂತೀರ. ಯಾವ ಬಾಯಿ ನಂಬಲಿ ಡಾಕ್ಟ್ರಮ್ಮ?"

ಹೇಳಲು ಲ್ಯೂ ಅವರಿಗೆ ಬೇಕಾದಷ್ಟಿತ್ತು. ತಾಲ್ಲೂಕಿನ ಚೀಟಿ ಇತ್ತು, ಹುವೆಯ ಸುಳ್ಳಿತ್ತು, ಕಿಯೆಮ್‌ನ ಭರಣಿ ಇತ್ತು. ಮೂರರಲ್ಲಿ ಯಾವುದನ್ನು ಎತ್ತಿದ್ದರೂ ಊರವರು ಒಪ್ಪುತ್ತಿದ್ದರು. ಆದರೆ ಹಾಗೆ ಎತ್ತಿದ ಡಾಕ್ಟರ ಹಿಂದೆ ಯಾರೂ ತಮ್ಮ ಅಪ್ಪನನ್ನು ಎರಡನೆಯ ಸಲ ಕಳಿಸುವುದಿಲ್ಲ, ಇದು ಅವರಿಗೆ ಅನುಭವದಿಂದ ಗೊತ್ತಿತ್ತು.

"ನಿನ್ನೆ ಹೇಳಿದ್ದು ತಪ್ಪು" ಎಂದರು. "ತಪ್ಪು ನನ್ನದು. ಈ ಹುಡುಗ ಎರಡನೇ ದಿನವೇ ಹಾವು ಅಂದ, ನಾನು ನಕ್ಕು ಬಾಯಿ ಮುಚ್ಚಿಸ್ದೆ. ಈಗ ಹೇಳ್ತಿರೋದು ಸರಿ. ಎರಡನ್ನೂ ಹೇಳಿದ್ದು ಒಂದೇ ಬಾಯಿ, ಅದಕ್ಕೆ ನಾನೇನು ಮಾಡ್ಲಿ? ಬೇರೆ ಬಾಯಿ ಇಲ್ಲ."

ಮೂಲಂಗಿ ಹೆಚ್ಚುವ ಸದ್ದು ಅಂಗಳದಲ್ಲಿ ಯಾವಾಗಲೋ ನಿಂತಿತ್ತು.

"ಅಪ್ಪನ ಜೀವ ದಾರೀಲಿ ಹೋಗಲ್ಲ ಅಂತ ಮಾತು ಕೊಡ್ತೀರಾ?" ಎಂದ ಲುವಾನ್.

ಲ್ಯೂ ಅವರಿಗೆ ಹೂಂ ಎಂದುಬಿಡುವುದು ಸುಲಭವಿತ್ತು. "ಕೊಡಲ್ಲ. ವಯಸ್ಸಾಗಿದೆ, ಎದೇಲಿ ಕಫ ಕಟ್ಟಿದೆ. ಕೊಳವೆ ಒಂದು ಬೆರಳು ಜಾರಿದ್ರೂ ಕಷ್ಟ. ಆದ್ರೆ ಇಲ್ಲೇ ಬಿಟ್ರೆ ಹೋಗೋದು ಖಂಡಿತ. ಅಲ್ಲಿಗೆ ಮುಟ್ಟಿದ್ರೆ ಬದುಕೋದು ಹೆಚ್ಚುಕಮ್ಮಿ ಖಂಡಿತ."

"ಮುಟ್ಟದೇ ಇದ್ರೆ ಅಪ್ಪ ಅಂಗಳದಲ್ಲಿ" ಎಂದ ಲುವಾನ್. "ಈ ಮನೆಯ ಒಂದೊಂದು ಇಟ್ಟಿಗೇನೂ ಅವನೇ ಹೊತ್ತಿದ್ದು. ಈಗ ಒಳಗೆ ಬಂದಿದ್ದಾನೆ. ನಾನೇ ಎತ್ತಿ ಹೊರಗೆ ಹಾಕಿ, ರಸ್ತೇಲಿ ಸತ್ತು, ಬಾಗಿಲಾಚೆ ಮಲಗಿದ್ರೆ... ಇಲ್ಲ. ನನ್ನ ಕೈಲಾಗಲ್ಲ."

ತಂಗಿಯರು ಅಳತೊಡಗಿದರು. ಚಿಕ್ಕವಳು ಕರ್ಕೊಂಡು ಹೋಗೋಣ ಅಂದಳು, ದೊಡ್ಡವಳು ಸುಮ್ನಿರೇ ಅಂದಳು. ಕಿಯೆಮ್ ಮೂಲೆಗೆ ಸರಿದು ತನ್ನ ಭರಣಿಯ ಮೇಲೆ ಟವೆಲ್ ಮುಚ್ಚಿದ್ದ.

"ಲುವಾನ್" ಎಂದಳು ತೂ ಅಜ್ಜಿ. ಅಲ್ಲಿಯವರೆಗೂ ಬಾಯಿ ಬಿಡದವಳು ತಂಬುಲ ಉಗುಳಿ ಡಬ್ಬಿ ಬದಿಗಿಟ್ಟಳು. "ನಿಮ್ಮಪ್ಪ ಹುಟ್ಟಿದ್ದೆಲ್ಲೋ?"

"ಅತ್ತೆ, ಈಗ ಅದೆಲ್ಲ..."

"ಕೇಳಿದ್ದಕ್ಕೆ ಹೇಳು."

"ದೋಣೀಲಿ."

"ಈ ಇಟ್ಟಿಗೆ ಮನೆ ಎದ್ದಿದ್ದು ಯಾವಾಗ?"

"ನನ್ನ ಮದುವೆಗೆ."

"ಅದಕ್ಕೆ ಮುಂಚೆ ನಮ್ಮಪ್ಪ ಅಮ್ಮನ ಧೂಪದ ಬಟ್ಟಲು ಎಲ್ಲಿತ್ತು? ಮರದ ಮೇಲೆ ನೇತಾಡ್ತಿತ್ತಾ?"

"ದೋಣೀಲೇ ಇತ್ತು ಅತ್ತೆ."

"ನಮ್ಮಪ್ಪ ಸತ್ತಿದ್ದೂ ಅದ್ರಲ್ಲೇ. ಅವನೇನು ಬೀದಿ ದೆವ್ವ ಆಗಿದ್ದಾನಾ? ಪ್ರತಿ ವರ್ಷ ತಿಥಿಗೆ ಬಂದು ಕೋಳಿ ತಿನ್ಕೊಂಡು ಹೋಗ್ತಾನಲ್ಲ." ಅಜ್ಜಿ ಕೋಲೂರಿ ಎದ್ದಳು. "ಬಟ್ಟಲು ಎಲ್ಲಿರುತ್ತೋ ಅದೇ ಮನೆ. ಬಟ್ಟಲನ್ನ ದೋಣಿಗಿಡು. ತಮ್ಮನ್ನ ದೋಣೀಲಿ ಮಲಗ್ಸು. ಹೋದ್ರೂ ಮನೇಲೇ ಹೋದ ಹಾಗೆ, ಉಳಿದ್ರೂ ಮನೇಲೇ ಉಳಿದ ಹಾಗೆ. ಡಾಕ್ಟ್ರಮ್ಮ, ನಿಮ್ಮ ಆಸ್ಪತ್ರೆ ನದಿ ಪಕ್ಕ ತಾನೇ?"

"ಹಿಂದಿನ ಗೇಟಲ್ಲೇ ದೋಣಿಕಟ್ಟೆ ಇದೆ ಅಮ್ಮ."

"ಮತ್ತೆ ಎಲ್ರೂ ಯಾಕೆ ಕಂಬದ ಥರ ನಿಂತಿದ್ದೀರ?"

ಲುವಾನ್ ಅತ್ತೆಯ ಮುಖವನ್ನೇ ಒಂದು ಗಳಿಗೆ ನೋಡಿದ. ಆಮೇಲೆ ಪೀಠದ ಮುಂದೆ ಮೂರು ಸಲ ಬಾಗಿ, ಹಿತ್ತಾಳೆಯ ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡ.

ಬಾತುಕೋಳಿಗಳನ್ನು ಸಾಗಿಸುತ್ತಿದ್ದ ಉದ್ದನೆಯ ಹಳೇ ದೋಣಿ ಅದು. ಎಷ್ಟು ತೊಳೆದರೂ ಪುಕ್ಕದ ವಾಸನೆ ಹೋಗಿರಲಿಲ್ಲ. ಚಾಪೆಯ ಮಾಡಿನ ಕೆಳಗೆ ಅಜ್ಜನನ್ನು ಮಲಗಿಸಿದರು. ಮುಂದುಗಡೆ ಬಟ್ಟಲಿಟ್ಟು ಮೂರು ಊದುಬತ್ತಿ ಹಚ್ಚಿ, ಗಾಳಿಗೆ ಆರದಂತೆ ಹುವೆ ಕೊಡೆ ಹಿಡಿದು ಕೂತಳು. ರಸ್ತೆಯಲ್ಲಿ ಒಂದು ಗಂಟೆಯ ದಾರಿ ನೀರಿನಲ್ಲಿ ಎರಡೂವರೆ ಗಂಟೆ. ಲ್ಯೂ ವಾರ್ಡಿಗೆ ಫೋನ್ ಮಾಡಿ ಹಾಸಿಗೆ ಕಾದಿರಿಸಿದರು, ಇನ್ನೊಂದು ಆಮ್ಲಜನಕದ ಸಿಲಿಂಡರ್ ತಂದು ನಡುದಾರಿಯ ಸೇತುವೆಯ ಕೆಳಗೆ ನಿಲ್ಲುವಂತೆ ವ್ಯಾನಿನ ಚಾಲಕನಿಗೆ ಹೇಳಿದರು.

ಸೆನ್‌ಳ ಕೈ ಸೋತಾಗ ಖಾಂಗ್ ಹಿಡಿದ. ಅವನ ಕೈ ಸೋತಾಗ ಲ್ಯೂ ಹಿಡಿದರು. ಅವರ ಬೆರಳಿನ ಗಂಟುಗಳಿಗೆ ಸಂಧಿವಾತ, ಹತ್ತು ನಿಮಿಷಕ್ಕೆ ಉರಿ ಎದ್ದಿತು.

"ಕೊಡಿ ಇಲ್ಲಿ" ಎಂದ ಕಿಯೆಮ್. ಯಾರೂ ಕರೆಯದಿದ್ದರೂ ಅವನು ದೋಣಿ ಹತ್ತಿದ್ದ. "ಅರವತ್ತು ವರ್ಷ ಹಾವಿನ ಕತ್ತು ಹಿಡಿದ ಕೈ. ಚೀಲ ಹಿಂಡಕ್ಕಾಗಲ್ವಾ?"

"ಹಿಂಡಿ, ಬಿಡಿ, ಒಂದು ಎರಡು ಮೂರು ಎಣಿಸಿ ಮತ್ತೆ ಹಿಂಡಿ. ಎದೆ ಏಳೋದು ನೋಡ್ತಾ ಇರಿ."

ಮುದುಕ ಹಿಂಡಿದ. ಕೈ ಗಟ್ಟಿಯಾಗಿತ್ತು, ಒಂದೇ ಸಮವಾಗಿತ್ತು. ಹೊಸ ಡಾಕ್ಟರುಗಳಿಗೆ ಎರಡು ವಾರ ಹಿಡಿಯುವುದು ಅವನಿಗೆ ಎರಡು ನಿಮಿಷದಲ್ಲಿ ಬಂತು. ಸೆನ್, "ಅಜ್ಜ, ನಮ್ಮಲ್ಲಿ ಕೆಲಸಕ್ಕೆ ಬಾ, ಈ ಹುಡುಗನ್ನ ತೆಗೆದುಹಾಕ್ತೀವಿ" ಎಂದಳು. ಖಾಂಗ್ ಆರು ದಿನದಲ್ಲಿ ಮೊದಲ ಸಲ ನಕ್ಕ.

ಸ್ವಲ್ಪ ಹೊತ್ತು ಬಿಟ್ಟು ಕಿಯೆಮ್ ದನಿ ತಗ್ಗಿಸಿ ಕೇಳಿದ. "ವಿಷ ಪೂರಾ ಹೋಗಿರ್ಲಿಲ್ಲ ಅನ್ನಿ."

"ಹೋಗಿರ್ಲಿಲ್ಲ."

"ನಾಗರಕ್ಕೆ ನನ್ನ ವಿಷ ಹೀರೋ ಕಲ್ಲು ಹಿಡಿಯುತ್ತೆ."

"ನಾಗರಕ್ಕೂ ಹಿಡಿಯಲ್ಲ ಪಂಡಿತ್ರೆ. ನಿಮ್ಮ ಹತ್ರ ಉಳಿದೋರು ಹಾವು ವಿಷ ಬಿಡ್ದೆ ಬರೀ ಕಚ್ಚಿದೋರು. ಇನ್ಮೇಲೆ ಹಾವು ಕಚ್ಚಿ ಬಂದೋರನ್ನ ಸೀದಾ ನನ್ನ ಹತ್ರ ಕಳ್ಸಿ."

"ಕಳಿಸ್ತೀನಿ, ನೀವು ಬೈದು ಅಟ್ತೀರ."

"ಬೈಯಲ್ಲ."

"ಅದು ನಿಮ್ಮ ಕೈಲಿ ಆಗಲ್ಲ. ಮುಖ ನೋಡಿದ್ರೇ ಗೊತ್ತಾಗುತ್ತೆ."

ಲ್ಯೂ ಯೋಚಿಸಿದರು. "ಕಮ್ಮಿ ಬೈತೀನಿ. ನಿಮ್ಮ ಚೀಟಿ ತಂದೋರನ್ನ ಬೈಯೋದೇ ಇಲ್ಲ. ನಿಮ್ಮನ್ನ ಬೈತೀನಿ, ಆಮೇಲೆ, ಫೋನಲ್ಲಿ."

"ಅದು ಪರವಾಗಿಲ್ಲ" ಎಂದ ಕಿಯೆಮ್, ಮೂರು ಎಣಿಸಿ ಹಿಂಡುತ್ತಾ. "ಹಾಗಾದ್ರೆ ಸತ್ತ ಹಾವನ್ನೂ ಜೊತೇಲೇ ಕಳಿಸ್ತೀನಿ. ಭರಣೀಲಿ ಹಾಕಲ್ಲ."

ಸೇತುವೆಯ ಬಳಿ ಸಿಲಿಂಡರ್ ಬದಲಿಸುವಾಗ ಯಂತ್ರದ ನಂಬರ್ ಒಮ್ಮೆ ಎಂಬತ್ತಕ್ಕೆ, ಆಮೇಲೆ ಐವತ್ತಕ್ಕೆ ಇಳಿಯಿತು. ಅಜ್ಜನ ತುಟಿ ನೀಲಿಗಟ್ಟಿತು. ಲುವಾನ್ ಚುಕ್ಕಾಣಿ ಬಿಟ್ಟು ಓಡಿಬಂದು ಅಪ್ಪನ ಪಾದ ಹಿಡಿದ. ತೂ ಅಜ್ಜಿ ಬಟ್ಟಲಿನ ಕಡೆ ತಿರುಗಿ ಕೈ ಮುಗಿದಳು. ಖಾಂಗ್ ಎದೆಗೆ ಕಿವಿಯಿಟ್ಟ. "ಮೇಡಂ, ಎಡಗಡೆ ಗಾಳಿ ಹೋಗ್ತಿಲ್ಲ. ಕೊಳವೆ ಒಳಗೆ ಜಾರಿದೆ!"

"ಹಾಗಂತೀಯಾ?"

"ಹೌದು ಮೇಡಂ. ಖಂಡಿತ."

"ಹಾಗಾದ್ರೆ ಎರಡು ಬೆರಳು ಹಿಂದಕ್ಕೆ ಎಳಿ. ನೀನೇ ಎಳಿ."

ಎಳೆದ. ಎದೆ ಎರಡೂ ಕಡೆ ಎದ್ದಿತು. ತುಟಿಗೆ ಬಣ್ಣ ಬಂತು. ಲುವಾನ್ ಚುಕ್ಕಾಣಿಗೆ ಹಿಂದಿರುಗಿದಾಗ ದೋಣಿ ನೀರುಬಳ್ಳಿಗಳ ನಡುವೆ ಮೂತಿ ತೂರಿಸಿಕೊಂಡು ನಿಂತಿತ್ತು.

ಅವರು ಮುಟ್ಟಿದರು.

ಒಂಬತ್ತನೆಯ ದಿನ ಅಜ್ಜನ ಬಲಗಾಲಿನ ಹೆಬ್ಬೆರಳು ಅಲುಗಿತು. ಹನ್ನೊಂದನೆಯ ದಿನ ರೆಪ್ಪೆ. ಹದಿನೇಳನೆಯ ದಿನ ಕೊಳವೆ ತೆಗೆದಾಗ ಹಲಗೆ ಗೀಚಿದಂಥ ದನಿಯಲ್ಲಿ ಅವನು ಮೊದಲು ಕೇಳಿದ್ದು ಬಾತುಗಳನ್ನು ಯಾವ ಗದ್ದೆಗೆ ಬಿಟ್ಟಿದ್ದೀರಿ ಎಂದು. ಲುವಾನ್ ಹೇಳಿದ. ಅಜ್ಜ ಆ ಗದ್ದೆಯಲ್ಲಿ ಬಸವನಹುಳು ಇಲ್ಲವೋ ದಡ್ಡ ಎಂದು ಬೈದ. ಬೈಸಿಕೊಳ್ಳುತ್ತಾ ಮಗ ಗೊಳೋ ಎಂದು ಅತ್ತ.

ಪೆಟ್ಟಿಗೆಯನ್ನು ಅಂಗಡಿಯವನು ವಾಪಸ್ ತೆಗೆದುಕೊಳ್ಳಲಿಲ್ಲ. ಅದರಲ್ಲೀಗ ಭತ್ತ ತುಂಬಿಟ್ಟಿದ್ದಾರೆ.

ಮನೆಗೆ ಕಳಿಸುವ ಹಿಂದಿನ ದಿನ ಲ್ಯೂ ಇಡೀ ತಂಡವನ್ನು ಅಜ್ಜನ ಹಾಸಿಗೆಯ ಸುತ್ತ ಸೇರಿಸಿದರು. ತಾವು ಒಂದು ತಗ್ಗಿನ ಸ್ಟೂಲ್ ಎಳೆದುಕೊಂಡು ಕೂತರು. "ಇವತ್ತಿನ ಪಾಠ ತಾಮಣ್ಣಂದು. ಆ ಆರು ದಿನ ಏನೇನು ಕೇಳಿಸ್ತು, ಎಲ್ಲ ಹೇಳಿ. ನನ್ನ ಮರ್ಯಾದೆ ಉಳಿಸ್ಬೇಡಿ."

ಅಜ್ಜ ಗಂಟಲು ಸರಿಮಾಡಿಕೊಂಡ. "ಎಲ್ಲ ಕೇಳಿಸ್ತು. ಈ ಕನ್ನಡಕದ ಹುಡುಗಿ ಫೋನಲ್ಲಿ ಯಾರ ಹತ್ರವೋ ಜಗಳ ಆಡಿದ್ದು ಕೇಳಿಸ್ತು. ಅವನನ್ನ ಬಿಟ್ಟುಬಿಡಮ್ಮ, ಒಳ್ಳೆಯವನಲ್ಲ." ಕನ್ನಡಕದ ಹುಡುಗಿ ಕಡತದಲ್ಲಿ ಮುಖ ಮುಚ್ಚಿಕೊಂಡಳು. "ಮೇಡಂ ಹೇಳಿದ್ದೂ ಕೇಳಿಸ್ತು. ಯಜಮಾನ ಖಾಲಿ ಮಾಡಿ ಹೋದ ಮನೆ, ಫ್ಯಾನ್ ಮಾತ್ರ ತಿರುಗ್ತಿದೆ ಅಂದ್ರು. ಒಳಗೆ ಕೂತು ಬಾಗಿಲು ಬಡೀತಾನೇ ಇದ್ದೆ ಕಣಪ್ಪ. ಕೈನೇ ಇರ್ಲಿಲ್ಲ ಬಡಿಯೋಕೆ. ಆಮೇಲೆ ನನಗೇ ಅನುಮಾನ ಬಂತು. ಇಷ್ಟು ಓದಿರೋರು ಹೇಳ್ತಿದ್ದಾರೆ, ನಿಜಕ್ಕೂ ಸತ್ತಿದ್ದೀನೇನೋ, ಸತ್ತೋರಿಗೆ ಹೀಗೇ ಇರುತ್ತೇನೋ ಅಂತ."

ಲ್ಯೂ ನೆಲ ನೋಡುತ್ತಿದ್ದರು.

"ಆದ್ರೆ" ಎಂದ ಅಜ್ಜ, "ಆ ಮಾತು ಆಡ್ತಾ ಆಡ್ತಾನೇ ಮೇಡಂ ಒಂದು ಕೆಲಸ ಮಾಡಿದ್ರು. ನನ್ನ ಕಾಲು ಹೊದಿಕೆಯಿಂದ ಆಚೆ ಬಂದಿತ್ತು. ಎರಡು ದಿನದಿಂದ ತಣ್ಣಗೆ ಕೊರೀತಿತ್ತು. ಒಬ್ಬರೂ ನೋಡಿರ್ಲಿಲ್ಲ. ಇವರು ಹೊದಿಕೆ ಎಳೆದು ಪಾದದ ಕೆಳಗೆ ಸಿಕ್ಕಿಸಿ ಹೋದ್ರು. ಆಗ ಅಂದ್ಕೊಂಡೆ, ಬಾಯಿ ನಾನು ಸತ್ತಿದ್ದೀನಿ ಅನ್ನುತ್ತೆ, ಕೈ ಇನ್ನೂ ಚಳಿಯಾಗುತ್ತೆ ಅನ್ನುತ್ತೆ. ಕೈ ಮಾತನ್ನೇ ನಂಬ್ತೀನಿ ಅಂತ."

ಲ್ಯೂ ತಲೆ ಎತ್ತಿದರು. ನಾಲ್ಕನೆಯ ದಿನ ತಾವು ಆಡಿದ ಮಾತು ಅವರಿಗೆ ಅಕ್ಷರಶಃ ನೆನಪಿತ್ತು. ಹೊದಿಕೆ ಎಳೆದದ್ದು ಮಾತ್ರ ಎಷ್ಟು ಹುಡುಕಿದರೂ ನೆನಪಿಗೆ ಬರಲಿಲ್ಲ.

ಸ್ವಲ್ಪ ಹೊತ್ತಿನ ನಂತರ ಎದ್ದು ಮುಂದಿನ ಹಾಸಿಗೆಗೆ ಹೋದರು. ಹೊಸದಾಗಿ ಬಂದ ರೋಗಿ, ಎಚ್ಚರವಿಲ್ಲ, ಬಾಯಲ್ಲಿ ಕೊಳವೆ. ಖಾಂಗ್ ಕಡತ ಬಿಚ್ಚಿ ಓದಲು ಶುರುಮಾಡಿದ.

"ತಡಿ" ಎಂದರು ಲ್ಯೂ. ರೋಗಿಯ ಕಿವಿಯ ಹತ್ತಿರ ಬಗ್ಗಿದರು. "ಅಕ್ಕ, ನಾನು ಡಾಕ್ಟರ್ ಲ್ಯೂ. ಈ ಹುಡುಗರು ನನ್ನ ಶಿಷ್ಯರು. ಈಗ ನಿಮ್ಮ ವಿಷಯ ಮಾತಾಡ್ತೀವಿ, ತಪ್ಪಿದ್ರೆ ಮನಸ್ಸಲ್ಲೇ ಬೈಕೊಳ್ಳಿ."

ಆಮೇಲೆ ಹಾಸಿಗೆಯ ಕಾಲ ಬದಿಗೆ ಹೋಗಿ ಹೊದಿಕೆ ಎಳೆದರು. ಈ ಸಲ ಗೊತ್ತಿದ್ದೇ ಎಳೆದರು. ಕೈಗೆ ಅದು ಹೊಸ ಕೆಲಸದಂತೆ ಸ್ವಲ್ಪ ತೊಡಕಾಯಿತು.